ಇಣುಕಿದ ಹಲ್ಲು

"ಈ ಹಲ್ಲು ಯಾವತ್ತು ಬಿತ್ತು?"

ಗ್ಲೆನಿಸ್ ಥ್ವೇಟ್ ಶಾಲೆಯ ಫೋಟೋವನ್ನು ಅಡುಗೆಮನೆಯ ಕಿಟಕಿಯ ಬೆಳಕಿಗೆ ಹಿಡಿದು ಕೇಳಿದಳು. ಫೋಟೋದಲ್ಲಿ ಐದು ವರ್ಷದ ಟಿಲ್ಲಿ ಬಾಯಿ ತುಂಬ ನಕ್ಕಿದ್ದಳು. ಮೇಲಿನ ಸಾಲಿನಲ್ಲಾಗಲಿ, ಕೆಳಗಿನ ಸಾಲಿನಲ್ಲಾಗಲಿ ಒಂದೂ ಹಲ್ಲು ಕಮ್ಮಿಯಿರಲಿಲ್ಲ.

ಟಿಲ್ಲಿಯ ಅಜ್ಜಿ ಐರೀನ್ ಗ್ರಿಮ್‌ಶಾ ಚಹಾದ ಕಪ್ಪನ್ನು ಕೆಳಗಿಟ್ಟರು. "ಬೀಳಲಿಲ್ಲ. ಬೀಳಿಸಿದ್ದು. ಏಪ್ರಿಲ್ ಎರಡು, ಬುಧವಾರ."

"ಅದಕ್ಕೆ ಮುಂಚೆ ಒಂದೂ ಬಿದ್ದಿರಲಿಲ್ವಾ?"

"ಒಂದೂ ಇಲ್ಲ ಕಣಮ್ಮ. ಕ್ಲಾಸಲ್ಲಿ ಎಲ್ರಿಗೂ ಹಲ್ಲು ಅಲ್ಲಾಡ್ತಿದೆ, ನಂಗ್ಯಾಕೆ ಅಲ್ಲಾಡ್ತಿಲ್ಲ ಅಂತ ಫೋನಲ್ಲಿ ಗೋಳಾಡ್ತಿದ್ಲು."

ಗ್ಲೆನಿಸ್ ಫೋಟೋ ತಿರುಗಿಸಿದಳು. ಹಿಂದೆ ಶಾಲೆಯ ಮೊಹರು ಇತ್ತು: ಮಾರ್ಚ್ ೨೧, ಶುಕ್ರವಾರ. ಅವಳು ಅದನ್ನು ನನ್ನ ಕಡೆ ಸರಿಸಿದಳು. ನನ್ನ ತೊಡೆಯ ಮೇಲಿದ್ದ ಕಡತದಲ್ಲಿ ಬೇರೆಯೇ ಒಂದು ತಾರೀಖು ಇತ್ತು.

ಗ್ಲೆನಿಸ್ ಇಪ್ಪತ್ತಾರು ವರ್ಷ ಪೊಲೀಸ್ ಪತ್ತೇದಾರಳಾಗಿದ್ದವಳು. ಈಗ ಹಾಲ್ಡನ್‌ಶಾ ಊರಿನ ಆಡಳಿತ ನಡೆಸುವ ಕೌನ್ಸಿಲ್‌ನ ಮಕ್ಕಳ ರಕ್ಷಣೆ ವಿಭಾಗದ ಮೇಲೆ ಜನ ಕೊಡುವ ದೂರುಗಳನ್ನು ತನಿಖೆ ಮಾಡುತ್ತಾಳೆ. ಅಂಥ ತನಿಖೆಯಲ್ಲಿ ಕೌನ್ಸಿಲ್‌ಗೆ ಸೇರದ ಇನ್ನೊಬ್ಬರು ಪಕ್ಕದಲ್ಲಿ ಇರಲೇಬೇಕೆಂದು ನಿಯಮ. ಆ ಇನ್ನೊಬ್ಬಳು ನಾನು, ಹೇಝಲ್. ಮೂವತ್ತೆರಡು ವರ್ಷ ಪುಟ್ಟ ಮಕ್ಕಳಿಗೆ ಪಾಠ ಹೇಳಿ ನಿವೃತ್ತಳಾದವಳು.

ಟಿಲ್ಲಿಗೆ ಮನೆಯಲ್ಲಿ ಹೊಡೆತ ಬೀಳುತ್ತಿದೆ ಎಂದು ಮೂರು ಸಲ ಫೋನ್ ಮಾಡಿದರೂ ಯಾರೂ ಬರಲಿಲ್ಲ ಎಂಬುದು ಐರೀನ್ ಅವರ ದೂರು. ಒಂದೇ ಕರೆ ಬಂದಿತ್ತು, ಅದಕ್ಕೆ ಹೋಗಿ ನೋಡಿ ಬಂದೆವು ಎಂಬುದು ಕೌನ್ಸಿಲ್‌ನ ಉತ್ತರ.

ಮೂರು ಕರೆ ಹೋದದ್ದಂತೂ ನಿಜ. ಟೆಲಿಫೋನ್ ಕಂಪನಿ ಕೊಟ್ಟ ಪಟ್ಟಿಯಲ್ಲಿ ಮೂರಕ್ಕೂ ದಿನ, ಗಂಟೆ ಇದ್ದವು. ಒಂದಂತೂ ಹತ್ತೊಂಬತ್ತು ನಿಮಿಷದ್ದು. ಹತ್ತೊಂಬತ್ತು ನಿಮಿಷ ಒಬ್ಬ ಅಜ್ಜಿ ಹೇಳಿದ್ದನ್ನು ಆ ಕಡೆ ಯಾರೋ ಕೇಳಿಸಿಕೊಂಡು, ಒಂದಕ್ಷರವನ್ನೂ ಬರೆದಿಟ್ಟಿರಲಿಲ್ಲ.

ಭೇಟಿಯ ಟಿಪ್ಪಣಿ ಮಾತ್ರ ಕಡತದಲ್ಲಿತ್ತು. ಗ್ಲೆನಿಸ್ ಅದನ್ನು ಐರೀನ್ ಅವರಿಗೆ ಓದಿ ಹೇಳಲಿಲ್ಲ. ಹೊರಗೆ ಬಂದು ಕಾರಿನಲ್ಲಿ ಕುಳಿತ ಮೇಲೆ ನನ್ನಿಂದ ಮತ್ತೊಮ್ಮೆ ಓದಿಸಿದಳು.

'ಮಾರ್ಚ್ ೧೪, ಶುಕ್ರವಾರ, ಸಂಜೆ ನಾಲ್ಕು ಗಂಟೆ. ಮನೆ ಭೇಟಿ. ಟಿಲ್ಲಿ ಲವಲವಿಕೆಯಿಂದ ಇದ್ದಾಳೆ. ಮೇಲಿನ ಮುಂದಿನ ಹಲ್ಲು ಬಿದ್ದ ಜಾಗ ತೋರಿಸಿ ನಕ್ಕಳು. ಮೈಮೇಲೆ ಗಾಯಗಳಿಲ್ಲ. ಚಿಂತೆಗೆ ಕಾರಣವಿಲ್ಲ. ಪ್ರಕರಣ ಮುಗಿಸಬಹುದು.' ಕೆಳಗೆ ರೋವನ್ ಡಕ್‌ವರ್ತ್ ಎಂಬ ಹೆಸರು.

"ಹದಿನಾಲ್ಕಕ್ಕೆ ಇಲ್ಲದ ಹಲ್ಲು ಇಪ್ಪತ್ತೊಂದಕ್ಕೆ ಬಾಯಲ್ಲಿದೆ," ಎಂದಳು ಗ್ಲೆನಿಸ್.

ಇಬ್ಬರ ಮನಸ್ಸಿನಲ್ಲೂ ಒಂದೇ ವಿಚಾರವಿತ್ತು. ಆ ಹಲ್ಲು ಹೋದದ್ದು ಏಪ್ರಿಲ್ ಎರಡರಂದು, ತಾಯಿ ಶೆರಿಲ್‌ಳ ಜೊತೆಗಾರ ಕ್ರೇಗ್‌ನ ಮುಷ್ಟಿಗೆ. ಜೊತೆಗೆ ಎಡಗೈ ಮಣಿಕಟ್ಟೂ ಮುರಿದಿತ್ತು. ಅಂದರೆ ಟಿಪ್ಪಣಿ ಬರೆದ ಕೈ ಆಸ್ಪತ್ರೆಯ ಟಿಲ್ಲಿಯನ್ನು ಕಂಡ ಮೇಲೆ ಬರೆದದ್ದು. ಆಗದ ಭೇಟಿಯನ್ನು ಹಳೆಯ ತಾರೀಖು ಹಾಕಿ ಹುಟ್ಟಿಸಿದ್ದು. ಸುಳ್ಳು ನಿಜದ ಹಾಗೆ ಕಾಣಲಿ ಎಂದು ಮಗುವಿನ ಒಡೆದ ಬಾಯನ್ನೇ ಅಲಂಕಾರಕ್ಕೆ ಬಳಸಿಕೊಂಡದ್ದು.

ಕಿಟಕಿ ಇಳಿಸಿ ನವೆಂಬರಿನ ತಣ್ಣನೆ ಗಾಳಿ ಕುಡಿದೆ.

*

ಕೌನ್ಸಿಲ್ ಕಟ್ಟಡದ ಮೂರನೇ ಮಹಡಿಯಲ್ಲಿ ವಿಭಾಗದ ಮ್ಯಾನೇಜರ್ ಮಾಲ್ಕಮ್ ಸ್ಟೇನ್‌ಫೋರ್ತ್ ನಮಗಾಗಿ ಬಿಸ್ಕತ್ತು ತರಿಸಿಟ್ಟಿದ್ದ. ಅವನ ಮೇಜು ಎಷ್ಟು ಚೊಕ್ಕಟವಾಗಿತ್ತೆಂದರೆ ಅಲ್ಲಿ ಯಾರಾದರೂ ಕೆಲಸ ಮಾಡುತ್ತಾರೆಂದು ನಂಬುವುದು ಕಷ್ಟವಾಗಿತ್ತು.

ಗ್ಲೆನಿಸ್ ಹಲ್ಲಿನ ಮಾತೆತ್ತಲಿಲ್ಲ. ಆ ಟಿಪ್ಪಣಿ ಕಂಪ್ಯೂಟರಿಗೆ ಏರಿದ ಗಳಿಗೆ ಯಾವುದೆಂದು ಮಾತ್ರ ಕೇಳಿದಳು. ಮಾಲ್ಕಮ್ ತಡವರಿಸಲೇ ಇಲ್ಲ. ಪರದೆಯನ್ನೇ ನಮ್ಮ ಕಡೆ ತಿರುಗಿಸಿ ತೋರಿಸಿದ. ಏಪ್ರಿಲ್ ಮೂರು, ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಟಿಲ್ಲಿ ಆಸ್ಪತ್ರೆ ಸೇರಿದ ಮರುದಿನ.

ರೋವನ್ ಎಳೆಯ ಹುಡುಗಿ, ಕೆಲಸಕ್ಕೆ ಸೇರಿ ಒಂಬತ್ತು ತಿಂಗಳಷ್ಟೇ ಆಗಿತ್ತು, ಒತ್ತಡ ತಡೆಯುವ ಶಕ್ತಿ ಇರಲಿಲ್ಲ ಎಂದು ಅವನು ಮರುಕದ ದನಿಯಲ್ಲಿ ವಿವರಿಸಿದ. ಏಪ್ರಿಲ್ ನಾಲ್ಕಕ್ಕೇ ಅವಳನ್ನು ಮನೆಗೆ ಕಳಿಸಿದ್ದಾಯಿತು, ಇಲಾಖೆ ತನ್ನ ಕೆಲಸ ಮಾಡಿದೆ ಎಂದ. ಅಜ್ಜಿಯ ಮೊದಲ ಎರಡು ಕರೆಗಳ ಬಗ್ಗೆ ಕೇಳಿದಾಗ ಮಾತ್ರ ಅವನ ಮರುಕ ಒಣಗಿತು. ದಾಖಲೆಯಲ್ಲಿಲ್ಲದ ಕರೆಯ ಬಗ್ಗೆ ತಾನೇನು ಹೇಳಲಿ ಎಂದು ನಮ್ಮನ್ನೇ ಕೇಳಿದ.

ಮೆಟ್ಟಿಲಿಳಿಯುವಾಗ ಗ್ಲೆನಿಸ್, "ಕೇಳದೇ ಇದ್ರೂ ತಟ್ಟೇಲಿಟ್ಟು ಕೊಟ್ಟ ಆ ಹುಡುಗೀನ," ಎಂದಳು.

"ಅವಳೇ ತಪ್ಪು ಮಾಡಿದ್ರೆ ಕೊಡ್ಲಿ ಬಿಡು."

"ಇರ್ಬೋದು. ಆದ್ರೆ ಇಷ್ಟು ಸಲೀಸಾಗಿ ಯಾರಾದ್ರೂ ಕೈಗೆ ಸಿಕ್ಕಾಗ ನಂಗೆ ನಿದ್ದೆ ಬರಲ್ಲ ಹೇಝಲ್."

*

ರೋವನ್ ಡಕ್‌ವರ್ತ್ ಈಗ ಊರಾಚೆಯ ಒಂದು ಸಸಿತೋಟದಲ್ಲಿ ಕೆಲಸಕ್ಕಿದ್ದಳು. ನಾವು ಹೋದಾಗ ಮಧ್ಯಾಹ್ನ ಹನ್ನೆರಡು. ಗಾಜಿನ ಚಾವಣಿಯ ಕೆಳಗೆ ಉದ್ದನೆಯ ಮೇಜಿನ ಮುಂದೆ ನಿಂತು, ಕ್ರಿಸ್‌ಮಸ್‌ಗೆ ಬಾಗಿಲಿಗೆ ತೂಗುವ, ಹಾಲಿ ಎಂಬ ಮುಳ್ಳುಗಿಡದ ಎಲೆಯ ಹಾರಗಳನ್ನು ತಂತಿಯಿಂದ ಕಟ್ಟುತ್ತಿದ್ದಳು. ಮುಳ್ಳು ಚುಚ್ಚಿ ಬೆರಳುಗಳ ತುದಿಯೆಲ್ಲ ಕೆಂಪಾಗಿತ್ತು. ಕೈಗವಸು ಪಕ್ಕದಲ್ಲೇ ಬಿದ್ದಿದ್ದರೂ ಹಾಕಿಕೊಂಡಿರಲಿಲ್ಲ.

ಇಪ್ಪತ್ತೇಳರ ಹೆಣ್ಣು. ನಮ್ಮ ಹೆಸರು ಕೇಳಿದೊಡನೆ ಮುಖ ಬಿಳುಚಿಕೊಂಡಿತು. ಆದರೆ ಓಡಿಹೋಗಲು ನೋಡಲಿಲ್ಲ. ಮೂರು ಮರದ ಪೆಟ್ಟಿಗೆಗಳನ್ನು ಬೋರಲು ಹಾಕಿ ಕೂರಲು ಹೇಳಿದಳು.

ಗ್ಲೆನಿಸ್ ಸುತ್ತುಬಳಸಿ ಮಾತಾಡುವವಳಲ್ಲ. ಟಿಪ್ಪಣಿಯ ಹಾಳೆಯನ್ನು ಅವಳ ಮುಂದಿಟ್ಟಳು.

"ಇದು ನೀನು ಬರೆದಿದ್ದಾ?"

"ಹೌದು."

"ಯಾವಾಗ?"

"ಏಪ್ರಿಲ್ ಮೂರಕ್ಕೆ." ಅವಳು ಕ್ಷಣವೂ ಯೋಚಿಸಲಿಲ್ಲ. "ಹಿಂದಿನ ದಿನ ಏನಾಯ್ತು ಅಂತ ಗೊತ್ತಾದ ತಕ್ಷಣ ಆಫೀಸಿಗೆ ಓಡಿ ಬಂದು ಬರೆದೆ. ಅಲ್ಲೀವರ್ಗೂ ಕಂಪ್ಯೂಟರಲ್ಲಿ ಬರೆದಿರಲಿಲ್ಲ. ಮೂವತ್ತೊಂದು ಮಕ್ಕಳು ನನ್ನ ತಲೆ ಮೇಲಿದ್ರು. ನೋಡಿ ಬರೋಕೆ ಟೈಮ್ ಇತ್ತು, ಬರೆಯೋಕೆ ಇರಲಿಲ್ಲ."

"ನೋಡಿ ಬಂದ್ಯಾ?"

"ಬಂದೆ."

"ಸುಳ್ಳು ಹೇಳ್ಬೇಡ ರೋವನ್. ನೀನು ಆ ಮನೆಗೆ ಹೋಗೇ ಇಲ್ಲ."

"ಹೋಗಿದ್ದೆ. ಮಗುನ ನೋಡ್ದೆ. ನನ್ನ ಪಕ್ಕಾನೇ ಕೂತಿತ್ತು." ಅವಳ ದನಿ ಏರಲಿಲ್ಲ, ಇನ್ನೂ ಇಳಿಯಿತು. "ಹೋಗ್ದೇ ಇದ್ದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ನೋಡಿ, ಮಾತಾಡ್ಸಿ, ನಗಿಸಿ, ಅಲ್ಲೇ ಬಿಟ್ಟು ಬಂದೆನಲ್ಲ. ಅದು ದಿನಾ ಬೆಳಗ್ಗೆ ನನ್ನ ಜೊತೆ ಏಳುತ್ತೆ."

ಗ್ಲೆನಿಸ್ ತಣ್ಣಗೆ, ಒಂದೊಂದೇ ಮಾತು ಜೋಡಿಸಿದಳು. ಟಿಲ್ಲಿಯ ಹಲ್ಲು ಹೋದದ್ದು ಏಪ್ರಿಲ್‌ನಲ್ಲಿ. ಮಾರ್ಚ್‌ನಲ್ಲಿ ಅವಳ ಬಾಯಿ ತುಂಬ ಹಲ್ಲಿತ್ತು. ಹಲ್ಲಿಲ್ಲದ ಟಿಲ್ಲಿಯನ್ನು ಮಾರ್ಚ್ ಹದಿನಾಲ್ಕಕ್ಕೆ ಕಂಡವರು ಇರಲು ಸಾಧ್ಯವಿಲ್ಲ. ಕಂಡಿದ್ದರೆ ಆಸ್ಪತ್ರೆಯಲ್ಲೇ ಕಂಡಿರಬೇಕು.

ರೋವನ್‌ಳ ಹಣೆಯ ಮೇಲೆ ಗೆರೆ ಮೂಡಿತು. ಅದು ಸಿಕ್ಕಿಬಿದ್ದವರ ಮುಖವಾಗಿರಲಿಲ್ಲ. ಲೆಕ್ಕ ತಪ್ಪಿದ ಮಕ್ಕಳು ಹೀಗೆ ಮುಖ ಮಾಡುವುದನ್ನು ನಾನು ಸಾವಿರ ಸಲ ನೋಡಿದ್ದೇನೆ.

"ನಾನು ಆಸ್ಪತ್ರೆಗೆ ಹೋಗಲೇ ಇಲ್ಲ. ಬೇರೆಯವ್ರನ್ನ ಕಳಿಸಿದ್ರು. ಏನೇನು ಪೆಟ್ಟಾಗಿದೆ ಅಂತ ಕೂಡ ನಂಗೆ ಯಾರೂ ಹೇಳಲಿಲ್ಲ." ಅವಳು ಎದ್ದು ತನ್ನ ಚೀಲದ ತಳದಿಂದ ನೀಲಿ ರಟ್ಟಿನ ಪುಸ್ತಕ ತೆಗೆದಳು. "ಅವತ್ತು ಕಾರಲ್ಲಿ ಕೂತು ಬರ್ಕೊಂಡಿದ್ದು. ಮಾಲ್ಕಮ್ ಇದನ್ನ ಕೇಳಿದ್ರು. ಕಳೆದುಹೋಗಿದೆ ಅಂದೆ."

"ಯಾಕೆ?"

"ಬರೋ ದಿನ ತಿಳಿಸದೆ ಹೋಗ್ಬೇಕು ಅಂತಿದ್ದೆ. ಮೊದ್ಲು ಫೋನ್ ಮಾಡಿ ಹೇಳಿ ಹೋಗು ಅಂತ ಅವ್ರೇ ಅಂದ್ರು. ಅದೂ ಇದ್ರಲ್ಲಿದೆ. ಕೊಟ್ಟಿದ್ರೆ ಮಾರನೇ ದಿನ ಆ ಹಾಳೆ ಇರ್ತಿರಲಿಲ್ಲ."

ಗ್ಲೆನಿಸ್ ಪುಟ ಹುಡುಕಿ ಓದಿ ನನ್ನ ಕೈಗಿಟ್ಟಳು. ಪೆನ್ಸಿಲಿನ ಗೀಚು. ಪುಟದ ಹಿಂದೆ ಮುಂದೆ ಬೇರೆ ಮನೆಗಳ ಬೇರೆ ತಾರೀಖುಗಳು ಸಾಲಾಗಿ ಇದ್ದವು. ನಡುವೆ ತುರುಕಲು ಜಾಗವಿರಲಿಲ್ಲ. ಮಾರ್ಚ್ ಹದಿನಾಲ್ಕರ ಕೆಳಗೆ ಆರೇ ಸಾಲು. ಮೂರನೆಯದು: 'ಮೇಲಿನ ಮುಂದಿನ ಹಲ್ಲಿಲ್ಲ. ಹೊಸದು ಇಣುಕುತ್ತಿದೆ.'

ನನ್ನ ಕಣ್ಣು ಆ ಸಾಲಿನ ಮೇಲೆ ನಿಂತುಬಿಟ್ಟಿತು.

"ಹೊಸದು ಇಣುಕುತ್ತಿದೆ ಅಂದ್ರೆ?" ಎಂದೆ.

"ಒಸಡಿಂದ ಬೆಳ್ಳಗೆ ತುದಿ ಕಾಣ್ತಿತ್ತು. ಮುಟ್ಟಿ ನೋಡು ಅಂತ ನನ್ನ ಬೆರಳು ಹಿಡಿದು ಇಟ್ಕೊಂಡ್ಲು. ಗರಗಸದ ಹಾಗೆ ಚುಚ್ಚಿತು."

ಗ್ಲೆನಿಸ್ ನನ್ನತ್ತ ತಿರುಗಿದಳು. ಅವಳಿಗೆ ಮಕ್ಕಳಿಲ್ಲ. ನಾನು ಹೇಳಿದೆ: ಮಕ್ಕಳಿಗೆ ಮೊದಲು ಬೀಳುವುದು ಕೆಳಗಿನ ಹಲ್ಲು, ಆರರ ಆಸುಪಾಸಿನಲ್ಲಿ. ಮೇಲಿನ ಮುಂದಿನ ಹಲ್ಲು ಬಿದ್ದು ಅಲ್ಲಿ ದೊಡ್ಡ ಹಲ್ಲು ಏಳುವುದು ಏಳರ ಹೊತ್ತಿಗೆ. ಐದರ ಮಗುವಿನ ಹಾಲುಹಲ್ಲನ್ನು ಗುದ್ದಿ ಉದುರಿಸಿದರೆ ಆ ಜಾಗ ವರ್ಷಗಟ್ಟಲೆ ಖಾಲಿಯೇ ಇರುತ್ತದೆ. ಮೂವತ್ತೆರಡು ವರ್ಷದಲ್ಲಿ ನಾನು ದಂತವೈದ್ಯರಿಗಿಂತ ಹೆಚ್ಚು ಬಾಯಿ ನೋಡಿದ್ದೇನೆ.



ಗ್ಲೆನಿಸ್ ಶಾಲೆಯ ಫೋಟೋವನ್ನು ಜೇಬಿನಿಂದ ತೆಗೆದು, ಹಾಲಿ ಎಲೆಗಳ ನಡುವೆ ಜಾಗ ಮಾಡಿ ಇಟ್ಟಳು. ರೋವನ್ ಬಾಗಿ ನೋಡಿದಳು.

"ಇದು ಯಾರು?" ಎಂದಳು.

ಅವಳು ನಮ್ಮಿಬ್ಬರ ಮುಖವನ್ನೂ ನೋಡಿದಳು, ಮತ್ತೆ ಫೋಟೋ ನೋಡಿದಳು.

"ಇವಳೇ ಟಿಲ್ಲಿ," ಎಂದಳು ಗ್ಲೆನಿಸ್.

"ಇಲ್ಲ."

"ಇವಳೇ."

"ನಾನು ನೋಡಿದ್ದು ಇವಳಲ್ಲ. ಅವಳು ಉದ್ದ ಇದ್ಲು. ಕಪ್ಪು ಕೂದಲು, ಗಲ್ಲದ ಮೇಲೆ ಮಚ್ಚೆ ಇತ್ತು. ಎತ್ತರದ ಶೆಲ್ಫಿಂದ ತಾನೇ ಬಣ್ಣದ ಪೆನ್ಸಿಲ್ ಡಬ್ಬಿ ಇಳಿಸ್ಕೊಂಡ್ಲು." ಅವಳು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಳು. "ಟಿಲ್ಲಿ ಇವಳೇನಾ ಅಂದೆ. ಹೂಂ, ಇವಳೇ ಅಂದ್ಲು ಶೆರಿಲ್. ಹೆತ್ತ ತಾಯಿ ಹೇಳಿದ್ಮೇಲೆ ನಾನೇನು ಫೋಟೋ ಕೇಳ್ಬೇಕಿತ್ತಾ?"

ಕೇಳಬೇಕಿತ್ತು. ಅದು ಅವಳಿಗೂ ಗೊತ್ತಿತ್ತು.

ಗ್ಲೆನಿಸ್ ಆ ದಿನದ ಆ ಮನೆಯನ್ನು ಬಾಗಿಲಿನಿಂದ ಹಿಡಿದು ಹೇಳಿಸಿದಳು. ರೋವನ್ ಕಣ್ಣು ಮುಚ್ಚಿಕೊಂಡು ಹೇಳುತ್ತಾ ಹೋದಳು. ಬರುವ ಹೊತ್ತನ್ನು ಹಿಂದಿನ ದಿನವೇ ಫೋನಿನಲ್ಲಿ ತಿಳಿಸಿದ್ದಳು. ಮುಂದಿನ ಕೋಣೆ ಗುಡಿಸಿ ಇಟ್ಟಿದ್ದರು. ಶೆರಿಲ್ ಚಹಾ ಕೊಟ್ಟಳು. ಮಹಡಿ ಮೇಲೆ ರೇಡಿಯೋ ಜೋರಾಗಿ ಹಾಡುತ್ತಿತ್ತು. ಕ್ರೇಗ್ ರಾತ್ರಿ ಪಾಳಿ ಮುಗಿಸಿ ಬಂದಿದ್ದಾನೆ, ರೇಡಿಯೋ ಇಲ್ಲದೆ ಅವನಿಗೆ ನಿದ್ದೆ ಹತ್ತುವುದಿಲ್ಲ ಎಂದಳು ಶೆರಿಲ್. ಹಾಗಾಗಿ ಮಗುವಿನ ಮಲಗುವ ಕೋಣೆ ನೋಡಲು ಮೇಲೆ ಹೋಗಲಿಲ್ಲ. ಒಟ್ಟು ಹನ್ನೆರಡು ನಿಮಿಷ.

"ಸಂಜೆ ನಾಲ್ಕು ಗಂಟೆಗೆ, ರೇಡಿಯೋ ಜೋರಾಗಿ ಹಾಕ್ಕೊಂಡು ಮಲಗಿದ್ದ," ಎಂದಳು ಗ್ಲೆನಿಸ್.

ರೋವನ್ ಕಣ್ಣು ತೆರೆದಳು. ಆ ಮಾತಿನ ಅರ್ಥ ಅವಳೊಳಗೆ ಇಳಿಯುವುದನ್ನು ನಾನು ಕಂಡೆ. ತೋರಿಸಲಾಗದಷ್ಟು ಗಾಯವಾಗಿದ್ದ ಒಂದು ಮಗು ಮೇಲಿತ್ತು. ಕೆಳಗೆ ಗಾಯವಿಲ್ಲದ ಇನ್ನೊಂದನ್ನು ತಲೆ ಬಾಚಿ ಕೂರಿಸಿದ್ದರು. ಮೇಲಿನದು ಅತ್ತರೆ ಕೇಳಿಸದಿರಲಿ ಎಂದು ರೇಡಿಯೋ. ಎಂಟು ತಿಂಗಳಿಂದ ಅವಳು ತನ್ನನ್ನು ತಾನು ಬೈದುಕೊಂಡಿದ್ದು ಒಂದು ತಪ್ಪಿಗಾಗಿ. ನಿಜವಾದ ತಪ್ಪು ಹನ್ನೆರಡು ಮೆಟ್ಟಿಲು ಮೇಲಿತ್ತು.

ಅವಳು ಅಳಲಿಲ್ಲ. ಕೈಗವಸು ತೆಗೆದು ಹಾಕಿಕೊಂಡಳು, ಮತ್ತೆ ಬಿಚ್ಚಿದಳು. ನಾನು ಎದ್ದು ಹೋಗಿ ನಲ್ಲಿಯಿಂದ ಒಂದು ಲೋಟ ನೀರು ತಂದುಕೊಟ್ಟೆ. ಅವಳು ಅದನ್ನು ಹಿಡಿದುಕೊಂಡಳು, ಕುಡಿಯಲಿಲ್ಲ.

"ಆ ಇನ್ನೊಂದು ಹುಡುಗಿ," ಎಂದಳು ಗ್ಲೆನಿಸ್. "ನೀನೇ ಅವಳನ್ನ ಹೆಸರು ಕೇಳಿದ್ಯಾ?"

"ಕೇಳ್ದೆ. ಅವಳು ಬಾಯಿ ತೆಗೆಯೋಕೆ ಮುಂಚೆ ಶೆರಿಲ್ ಹೇಳಿದ್ಲು. ಆಮೇಲೆ ಅವಳಿಗೆ ಚಿತ್ರ ಬರಿಯೋಕೆ ಕೊಟ್ಟೆ. ಎಲ್ಲ ಮಕ್ಕಳಿಗೂ ಕೊಡ್ತಿದ್ದೆ." ಪುಸ್ತಕದ ಹಿಂಬದಿಯ ಜೇಬಿನಿಂದ ಮಡಚಿದ ಹಾಳೆಯೊಂದನ್ನು ಎಳೆದು ಬಿಡಿಸಿದಳು.

ಚಿತ್ರದಲ್ಲಿ ಮನೆಯಿರಲಿಲ್ಲ. ಚಕ್ರದ ಮೇಲಿನ ಮನೆಯಂಥ ಕ್ಯಾರವಾನ್ ಒಂದಿತ್ತು, ಪಕ್ಕದಲ್ಲಿ ಕಟ್ಟಿಹಾಕಿದ ದೊಡ್ಡ ಕಂದು ನಾಯಿ. ಕ್ಯಾರವಾನಿನ ಕಿಟಕಿಗೆ ಅಡ್ಡಡ್ಡ ಗೆರೆ ಹೊಡೆದು ಪೂರ್ತಿ ಕಪ್ಪು ಬಳಿದಿದ್ದಳು. ಕೆಳಗಿನ ಮೂಲೆಯಲ್ಲಿ, ಆಗಷ್ಟೇ ಬರೆಯಲು ಕಲಿತವರ ದಪ್ಪ ಅಕ್ಷರಗಳಲ್ಲಿ ಒಂದು ಹೆಸರಿತ್ತು. ಮೇಬೆಲ್.

"ಇದ್ಯಾರು ಅಂತ ಕೇಳ್ದೆ. ಅವಳ ಗೊಂಬೆ ಹೆಸರು ಅಂದ್ಲು ಶೆರಿಲ್." ರೋವನ್ ಒಣಗಿದ ತುಟಿ ಸವರಿಕೊಂಡಳು. "ಮಗು ನನ್ನ ಮುಖಾನೇ ನೋಡ್ತಿತ್ತು."

ಮಕ್ಕಳು ತಾವು ಬರೆದ ಚಿತ್ರದ ಮೂಲೆಯಲ್ಲಿ ಗೊಂಬೆಯ ಹೆಸರು ಬರೆಯುವುದಿಲ್ಲ. ಅದನ್ನು ನಾನು ಹೇಳಬೇಕಾಗಿರಲಿಲ್ಲ.

ಗ್ಲೆನಿಸ್ ಕಡತ ತಿರುವಿ ಪೊಲೀಸರ ವರದಿ ತೆಗೆದಳು. ಏಪ್ರಿಲ್ ಎರಡರಂದು ಆ ಮನೆಯನ್ನು ಅವರು ಇಂಚಿಂಚು ಜಾಲಾಡಿದ್ದರು. ಮಕ್ಕಳ ಹಾಸಿಗೆ ಒಂದು. ಮಕ್ಕಳ ಹಲ್ಲುಜ್ಜುವ ಬ್ರಷ್ ಒಂದು. ಶಾಲೆಯ ಬೂಟು ಒಂದೇ ಜೊತೆ. ಮೇಬೆಲ್ ಎಂಬ ಹೆಸರು ಆರುನೂರು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಕ್ರೇಗ್ ಜೈಲಿನಲ್ಲಿದ್ದ. ಶೆರಿಲ್ ವಿಚಾರಣೆ ಮುಗಿಯುವವರೆಗೆ ಬಾಯಿ ಬಿಡಬಾರದೆಂದು ಅವಳ ವಕೀಲ ಕಟ್ಟಪ್ಪಣೆ ಮಾಡಿದ್ದ. ಆ ಮನೆಯನ್ನು ಬಲ್ಲವರು ಹೊರಗೆ ಉಳಿದಿದ್ದದ್ದು ಒಬ್ಬರೇ.

ಗ್ಲೆನಿಸ್ ಫೋನ್ ತೆಗೆದು, ನಮಗೂ ಕೇಳಿಸುವಂತೆ ಮೇಜಿನ ಮೇಲಿಟ್ಟು, ಐರೀನ್ ಅವರಿಗೆ ಕರೆ ಮಾಡಿದಳು.

"ಏನಮ್ಮಾ, ಮತ್ತೆ ಹಲ್ಲಿನ ವಿಷಯಾನಾ?" ಐರೀನ್ ಅವರ ದನಿಯಲ್ಲಿ ದಣಿವಿತ್ತು, ಜೊತೆಗೆ ಸ್ನೇಹವೂ ಇತ್ತು.

"ಒಂದೇ ಪ್ರಶ್ನೆ. ಮೇಬೆಲ್ ಯಾರು?"

ಆ ಕಡೆ ಪಾತ್ರೆಯ ಸದ್ದು ನಿಂತಿತು. ಕುರ್ಚಿಯೊಂದು ನೆಲಕ್ಕೆ ಉಜ್ಜಿದ ಸದ್ದಾಯಿತು.

"ಆ ಹೆಸರು ನಿಮ್ಗೆ ಯಾರು ಹೇಳಿದ್ದು?"

"ಅದು ಆಮೇಲೆ. ಅವಳು ಯಾರು ಐರೀನ್?"

"ಟಿಲ್ಲಿ ಹೇಳಿದ್ಲಾ?"

"ಟಿಲ್ಲಿ ಹೇಳಿಲ್ಲ. ಮಾರ್ಚ್ ಹದಿನಾಲ್ಕಕ್ಕೆ ಆ ಮನೇಲಿ ಏಳು ವರ್ಷದ ಹುಡುಗಿ ಇದ್ಲು. ಏಪ್ರಿಲ್ ಎರಡಕ್ಕೆ ಇರಲಿಲ್ಲ. ಅವಳು ಇದ್ಲು ಅನ್ನೋದನ್ನ ಎಂಟು ತಿಂಗಳಲ್ಲಿ ಯಾರೂ ಹೇಳಿಲ್ಲ. ನೀವೂ ಹೇಳಲಿಲ್ಲ."

ಐರೀನ್ ಮಾತಾಡಿದರು. ಆ ದನಿಯನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ.

"ನನ್ನ ದೂರು ವಾಪಸ್ ತಗೋತೀನಿ. ಇವತ್ತೇ ಕೌನ್ಸಿಲ್‌ಗೆ ಬರೆದು ಕೊಟ್ಟು ಬರ್ತೀನಿ. ನೀವಿಬ್ರೂ ಇನ್ನು ನಮ್ಮನೆ ಕಡೆ ಬರ್ಬೇಡಿ."

ಕರೆ ನಿಂತಿತು. ಗ್ಲೆನಿಸ್ ಮತ್ತೆ ಮಾಡಿದಳು. ಫೋನ್ ಸ್ವಿಚ್ ಆಫ್ ಆಗಿತ್ತು.

ಆ ಅಜ್ಜಿಯ ಸಹಿಯೇ ನಮ್ಮ ಅಧಿಕಾರ. ಸಹಿ ಹಿಂದಕ್ಕೆ ಹೋದರೆ ಕಡತವೂ ಹೋಗಿ ಮಾಲ್ಕಮ್‌ನ ಚೊಕ್ಕಟ ಮೇಜು ಸೇರುತ್ತದೆ, ಸಂಜೆ ಐದರೊಳಗೆ. ಗಡಿಯಾರ ಒಂದೂಕಾಲು ತೋರಿಸುತ್ತಿತ್ತು.

ಗ್ಲೆನಿಸ್ ಚಿತ್ರವನ್ನು ಮಡಚಿ ತನ್ನ ಕೋಟಿನ ಒಳಜೇಬಿಗೆ ಇಟ್ಟುಕೊಂಡಳು. ಅದು ನಿಯಮಕ್ಕೆ ವಿರುದ್ಧವೆಂದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

"ದೂರು ಅವ್ರದ್ದು. ಬೇಕಾದ್ರೆ ವಾಪಸ್ ತಗೊಳ್ಳಲಿ," ಎಂದಳು. "ಮೇಬೆಲ್‌ನ ಹುಡುಕೋಕೆ ಯಾರ ಸಹೀನೂ ಬೇಡ. ಅವಳು ಯಾರ ಮಗು?"